ಮುರಿದ ಕಾಫಿ ಗಿಡ: ಕಿತ್ತೊಗೆಯುವ ಮುನ್ನ



ಮಳೆಗಾಲದ ಗಾಳಿಗೆ ನೆರಳುಮರ ಉರುಳಿ ಕಾಫಿ ಗಿಡಗಳು ಜಖಂಗೊಳ್ಳುವುದು ಮಲೆನಾಡಿಗೆ ಹೊಸತಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಆದದ್ದನ್ನು ಯಾರೂ ಮರೆತಿಲ್ಲ. ಇಂಥ ಹೊತ್ತಿನಲ್ಲಿ ಮುರಿದುದನ್ನೆಲ್ಲ ಕಿತ್ತು ಸಸಿ ನೆಡುವ ಆತುರ ನಮ್ಮಲ್ಲಿ ಅನೇಕರಿಗೆ ಬರುತ್ತದೆ. ಸಸಿ ಫಸಲಿಗೆ ಬರಲು ಮೂರು-ನಾಲ್ಕು ವರ್ಷ ಬೇಕು. ಬೇರು ಗಟ್ಟಿಯಾಗಿರುವ ಹಳೆಯ ಗಿಡ ಅದಕ್ಕಿಂತ ಬೇಗ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಕೀಳುವ ಮುನ್ನ ಒಂದೊಂದು ಗಿಡವನ್ನೂ ಪರೀಕ್ಷಿಸಬೇಕು.

1. ಮರ ತೆಗೆಯುವುದು: ಮೊದಲು ವಿದ್ಯುತ್ ತಂತಿ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಲೈನ್ ಬಂದ್ ಆಗುವವರೆಗೆ ಯಾರೂ ಹತ್ತಿರ ಹೋಗಕೂಡದು. ಅನಂತರ ತುದಿಯ ಕೊಂಬೆಗಳಿಂದ ಆರಂಭಿಸಿ ಭಾರ ಇಳಿಸುತ್ತ ಬನ್ನಿ. ದಿಮ್ಮಿಯನ್ನು ಗಿಡಗಳ ಮೇಲೆ ಎಳೆಯಲು ಬಿಡದೆ, ತುಂಡು ಮಾಡಿ ಹೊರಿಸಿ. ಗಾಳಿ ಮುರಿದದ್ದಕ್ಕಿಂತ ದಿಮ್ಮಿ ಎಳೆದು ಮುರಿದದ್ದೇ ಹೆಚ್ಚಾದ ತೋಟಗಳನ್ನು ನಾವು ಕಂಡಿದ್ದೇವೆ.

2. ಗಿಡದ ಆರೈಕೆ: ವಾಲಿದ ಗಿಡವನ್ನು ಬೇರು ಒಣಗುವ ಮೊದಲೇ ನೆಟ್ಟಗೆ ಮಾಡಿ, ಬುಡಕ್ಕೆ ಮಣ್ಣು ಮೆಟ್ಟಿ, ಗೂಟಕ್ಕೆ ಸಡಿಲವಾಗಿ ಕಟ್ಟಬೇಕು. ರೆಕ್ಕೆ ಮಾತ್ರ ಮುರಿದಿದ್ದರೆ ಸಿಗುರು ಉಳಿಯದಂತೆ ಹರಿತವಾದ ಕತ್ತರಿಯಿಂದ ಕತ್ತರಿಸಿ. ಕಾಂಡ ಮುರಿದಿದ್ದರೆ ಗಾಯದ ಕೆಳಗೆ, ನೀರು ಇಳಿದುಹೋಗುವಂತೆ ಓರೆಯಾಗಿ ಗರಗಸ ಹಾಕಿ. ಸೀಳು ಕೆಳಗಿನವರೆಗೂ ಹೋಗಿದ್ದರೆ ನೆಲದಿಂದ ಸುಮಾರು ಒಂದು ಅಡಿ ಬಿಟ್ಟು ಕತ್ತರಿಸಿ. ಮೂಡಿದ ಕಂಬಚಿಗುರುಗಳಲ್ಲಿ ಬಲವಾದ ಒಂದೆರಡನ್ನು ಉಳಿಸಿ ಮಿಕ್ಕವನ್ನು ತೆಗೆಯಿರಿ.

3. ಗಾಯಕ್ಕೆ ಲೇಪ: ಶೇ. 10ರ ಬೋರ್ಡೋ ಪೇಸ್ಟ್ ಹಚ್ಚಬೇಕು. 1 ಕಿಲೋ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲೂ 1 ಕಿಲೋ ಸುಣ್ಣವನ್ನು ಬೇರೆ 5 ಲೀಟರ್ ನೀರಿನಲ್ಲೂ ಕರಗಿಸಿ ಬೆರೆಸಿ. ಕಬ್ಬಿಣದ ಪಾತ್ರೆ ಸಲ್ಲದು. ಮಳೆ ಬಿಟ್ಟ ಹೊತ್ತು ನೋಡಿ ಹಚ್ಚಿ. ತೊಳೆದುಹೋದರೆ ಮತ್ತೊಮ್ಮೆ ಹಚ್ಚಿ.

4. ಕಾಂಡಕೊರಕ: ಅರೇಬಿಕಾ ಗಿಡದ ಕಾಂಡದಲ್ಲಿ ಉಬ್ಬುಗೆರೆ, ಒಳಗೆ ಹುಳು ಕೊರೆದ ದಾರಿ ಕಂಡರೆ ಕನಿಕರ ಬೇಡ, ಬುಡಸಹಿತ ಕಿತ್ತು ಸುಡಬೇಕು. ಮರ ಬಿದ್ದು ಬಯಲಾದ ಜಾಗದಲ್ಲಿ ಕಾಂಡಕ್ಕೆ ಬಿಸಿಲು ತಗಲಿ ಈ ಕೀಟ ಹೆಚ್ಚುತ್ತದೆ. ಆದ್ದರಿಂದ ಬರುವ ಮುಂಗಾರಿನಲ್ಲಿ ಅಲ್ಲಿ ಹಾಲುವಾಣದ ಗೂಟ ನೆಟ್ಟು, ಜೊತೆಗೆ ಶಾಶ್ವತ ನೆರಳಿನ ಸಸಿಯನ್ನೂ ಇಡಿ.

5. ಅಡಿಕೆ: ಅಡಿಕೆಗೆ ಇರುವುದು ಒಂದೇ ಸುಳಿ. ಅದು ಮುರಿದರೆ ಮರ ಮತ್ತೆ ಚಿಗುರದು. ಅಂಥ ಮರ ತೆಗೆದು ಆ ಜಾಗಕ್ಕೆ ಸಸಿ ಸಿದ್ಧಮಾಡಿಕೊಳ್ಳುವುದೇ ಲೇಸು.

6. ಮುಂಜಾಗ್ರತೆ: ಮುಂಗಾರಿಗೆ ಮುನ್ನ ಮರಗಸಿ ಮಾಡಿಸುವಾಗ ಒಂದೇ ಕಡೆಗೆ ಭಾರವಾಗಿರುವ ಮರ, ಒಣಕೊಂಬೆ, ಬುಡ ಕೊಳೆತ ಮರಗಳನ್ನು ಗುರುತಿಸಿ. ಎಲ್ಲ ಮರಗಳನ್ನೂ ಬೋಳು ಮಾಡುವುದು ಮಾತ್ರ ಬೇಡ.

ಪರಿಹಾರಕ್ಕೆ ಅರ್ಜಿ ಹಾಕುವವರು ಕೊಡಲಿ ಎತ್ತುವ ಮೊದಲೇ ಫೋಟೋ ತೆಗೆಸಿ, ಗಿಡಗಳ ಎಣಿಕೆ ಬರೆದಿಟ್ಟು, ಕಂದಾಯ ಇಲಾಖೆಗೆ ತಿಳಿಸತಕ್ಕದ್ದು.