ಗೋಡೆಯ ಮೇಲಿನ ಜೇಡ ಯಾವುದು?

ಚಾಳಿನ ಖೋಲಿಯಲ್ಲಿ ರಾತ್ರಿ ದೀಪ ಹಾಕಿದೊಡನೆ ಗೋಡೆಯ ಮೇಲೆ ಅಂಗೈಯಗಲದ ಜೇಡ ಕಂಡರೆ ಯಾರಿಗಾದರೂ ಎದೆ ಝಲ್ಲೆನ್ನುವುದು ಸಹಜ. ಚಪ್ಪಲಿಗೆ ಕೈ ಹಾಕುವ ಮುನ್ನ ವಾಚಕ ಬಂಧುಗಳು ಅದನ್ನು ತುಸು ನೋಡಬೇಕು.

ಮೊದಲು ಕಾಲು ಎಣಿಸಿರಿ. ಎಂಟಿದ್ದರೆ ಜೇಡ, ಆರಿದ್ದರೆ ಬೇರೆ ಹುಳು. ಜೇಡಕ್ಕೆ ರೆಕ್ಕೆಯಿಲ್ಲ, ಮೀಸೆಯಿಲ್ಲ. ತಲೆ, ಎದೆ ಕೂಡಿ ಒಂದು ಭಾಗ, ಹೊಟ್ಟೆ ಇನ್ನೊಂದು.

ಚಪ್ಪಟೆ ಮೈ, ಕಂದು ಬಣ್ಣ, ಏಡಿಯಂತೆ ಪಕ್ಕಕ್ಕೆ ಚಾಚಿದ ಕಾಲು, ಮುಖದ ಮುಂದೆ ತೆಳು ಬಿಳಿ ಪಟ್ಟಿ, ಹತ್ತಿರದಲ್ಲಿ ಬಲೆಯಿಲ್ಲ: ಇಷ್ಟಿದ್ದರೆ ಅದು ಬೇಟೆಗಾರ ಜೇಡ. ಲಿನ್ನೇಯಸ್ ಪಂಡಿತನು 1767ರಲ್ಲಿಯೇ ಇದಕ್ಕೆ ಬೇಟೆಗಾರನೆಂಬ ಅರ್ಥದ ಹೆಸರಿಟ್ಟನು. ಹಡಗಿನ ಸಾಮಾನಿನ ಜತೆ ಉಷ್ಣದೇಶದ ಬಂದರುಗಳನ್ನೆಲ್ಲ ಸುತ್ತಿದ ಪ್ರಾಣಿಯಿದು. ಹೊಟ್ಟೆಪಾಡಿಗೆ ಊರು ಬಿಟ್ಟ ವಿಷಯದಲ್ಲಿ ನಮಗಿಂತ ಹಿರಿಯದು! ಇದರ ಮುಖ್ಯ ಆಹಾರಗಳಲ್ಲಿ ಜಿರಳೆಯೂ ಒಂದು. ಹೊಟ್ಟೆಯ ಕೆಳಗೆ ನಾಣ್ಯದಂತಹ ಬಿಳಿ ಬಿಲ್ಲೆ ಹಿಡಿದಿದ್ದರೆ ಅದು ಹೆಣ್ಣು, ಬಿಲ್ಲೆಯೊಳಗೆ ಮೊಟ್ಟೆ. ಕೈಯಲ್ಲಿ ಹಿಚುಕಿದರೆ ಕಚ್ಚೀತು, ನೋವಾದೀತು; ಪ್ರಾಣಾಪಾಯವಿಲ್ಲ. ಬೇಡವೆನ್ನುವವರು ಲೋಟ ಕವುಚಿ, ಅಡಿಗೆ ರಟ್ಟು ತೂರಿಸಿ ಹೊರಗೆ ಬಿಡಬಹುದು.

ಮೂಲೆಯಲ್ಲಿ ಎಳೆಯಂಥ ಉದ್ದ ಕಾಲಿನಿಂದ ತೂಗಾಡುತ್ತ, ಮುಟ್ಟಿದರೆ ಗಡಗಡ ನಡುಗುವುದು ಬೇರೆ ಜಾತಿ. ಮಸಿ ಹಿಡಿಯುವ ಬಲೆ ಅದರದೇ. ಕಿಟಕಿಯ ಚೌಕಟ್ಟಿನಲ್ಲಿ ಜಿಗಿಯುತ್ತ, ಎರಡು ದೊಡ್ಡ ಕಣ್ಣುಗಳಿಂದ ನಿಮ್ಮತ್ತ ತಿರುಗಿ ನೋಡುವುದು ನೊಣ ಹಿಡಿಯುವ ಜಿಗಿಜೇಡ. ಎರಡೂ ನಿರುಪದ್ರವಿಗಳು.

ಇನ್ನು ಮುಖ್ಯ ಮಾತು. ಬೆಳಿಗ್ಗೆ ಎದ್ದಾಗ ಕುತ್ತಿಗೆಯ ಮೇಲೆ ಉರಿಯುವ ಗುಳ್ಳೆ ಕಂಡರೆ "ಜೇಡ ಉಚ್ಚೆ ಹೊಯ್ದಿದೆ" ಎನ್ನುವವರುಂಟು. ಜೇಡ ಹಾಗೆ ಮಾಡುವುದಿಲ್ಲ. ಮಳೆಗಾಲದಲ್ಲಿ ದೀಪಕ್ಕೆ ಬರುವ, ಅಕ್ಕಿಕಾಳಿಗಿಂತ ತುಸು ಉದ್ದವಾದ, ಕಿತ್ತಳೆ-ಕಪ್ಪು ಬಣ್ಣದ ಆರು ಕಾಲಿನ ಹುಳುವೊಂದಿದೆ. ನೋಡಲು ಇರುವೆಯಂತೆ. ಅದು ಕಚ್ಚದು, ಆದರೆ ಮೈಮೇಲೆ ಹೊಸಕಿದರೆ ಅದರ ರಸ ಚರ್ಮವನ್ನು ಸುಡುತ್ತದೆ. ಉರಿ ಕೂಡಲೇ ಬಾರದೆ ಒಂದೆರಡು ದಿನ ತಡೆದು ಬರುವುದರಿಂದ ನಿಜವಾದ ಅಪರಾಧಿ ಸಿಕ್ಕುವುದಿಲ್ಲ, ಗೋಡೆಯ ಜೇಡಕ್ಕೆ ಪೆಟ್ಟು! ಗುಳ್ಳೆ ಗೀರು ಎಳೆದಂತೆ ಉದ್ದಕ್ಕಿರುವುದು, ಮೊಣಕೈ ಮಡಿಕೆಯ ಎರಡೂ ಬದಿಗೆ ಅಚ್ಚೊತ್ತಿದಂತೆ ಏಳುವುದು ಇದರ ಗುರುತು. ಹುಳು ಮೈಮೇಲಿದ್ದರೆ ಉಜ್ಜಬೇಡಿ, ಊದಿಬಿಡಿ. ಹೊಸಕಿಹೋದರೆ ತಡಮಾಡದೆ ಸೋಪು ಹಾಕಿ ತೊಳೆಯಿರಿ; ಆ ಕೈಯಿಂದ ಕಣ್ಣು ಮುಟ್ಟಬಾರದು.

ಆದರೆ ಮೈಯ ಒಂದೇ ಬದಿಗೆ, ಪಟ್ಟಿ ಕಟ್ಟಿದಂತೆ ಗುಂಪು ಗುಂಪಾಗಿ ಗುಳ್ಳೆ ಎದ್ದು, ಅದಕ್ಕೂ ಮೊದಲೇ ಅಲ್ಲಿ ಚುಚ್ಚುವ ನೋವಿದ್ದರೆ, ಅದು ಜೇಡವೂ ಅಲ್ಲ, ಹುಳುವೂ ಅಲ್ಲ. ಅದು ಸರ್ಪಸುತ್ತು ಇರಬಹುದು. ಹಿಂದೆ ಸೀತಾಳೆ ಸಿಡುಬು ಬಂದವರ ಮೈಯಲ್ಲಿ ಅಡಗಿದ್ದ ರೋಗಾಣು ಮತ್ತೆ ಎದ್ದು ಬರುವ ಕಾಯಿಲೆಯಿದು. ಕೆಮ್ಮಣ್ಣು ಹಚ್ಚಿಸುತ್ತ, ಮಂತ್ರ ಹಾಕಿಸುತ್ತ ದಿನ ಕಳೆಯಬಾರದು. ಇದಕ್ಕೆ ಔಷಧವಿದೆ; ಗುಳ್ಳೆ ಎದ್ದ 3 ದಿನದೊಳಗೆ ಶುರುಮಾಡಿದರೆ ಗುಣ ಹೆಚ್ಚು. ತಡವಾದರೆ ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ನೋವು ಉಳಿಯುವುದುಂಟು. ಕಣ್ಣಿನ ಹತ್ತಿರ ಎದ್ದರಂತೂ ಅರ್ಧ ದಿನದ ಸಂಬಳ ಹೋದರೂ ಸರಿ, ಅಂದೇ ಆಸ್ಪತ್ರೆಗೆ ಹೋಗಬೇಕು.