ಫೀಸಿಗಿಂತ ದೊಡ್ಡ ಖರ್ಚು

ನಲವತ್ತು ದಾಟಿದ ಮೇಲೆ ಎಂ.ಕಾಂ.ಗೆ ಸೇರಿದೆ ಅಂದಾಗ ಗುರುತಿನವರೆಲ್ಲ ಮೊದಲು ಕೇಳಿದ್ದು ‘ಫೀಸು ಎಷ್ಟು?’ ಅಂತ. ಈ ಅಂಕಣ ಓದಿ ಫೋನ್ ಮಾಡುವ ಹೆಂಗಸರು ಈಗಲೂ ಅದನ್ನೇ ಕೇಳುತ್ತಾರೆ. ಫೀಸು ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾಗಿರುತ್ತದೆ, ನೋಡಿ ತಿಳಿದುಕೊಳ್ಳಬಹುದು. ಸಂಸಾರ, ನೌಕರಿ ಎರಡನ್ನೂ ಇಟ್ಟುಕೊಂಡು ಓದುವವರಿಗೆ ಅದಕ್ಕಿಂತ ದೊಡ್ಡ ಖರ್ಚು ಇನ್ನೊಂದಿದೆ. ಅದು ಎಲ್ಲೂ ಅಚ್ಚಾಗಿರುವುದಿಲ್ಲ. ಅರ್ಜಿ ಹಾಕುವ ಮೊದಲೇ ಮನೆಯವರೆಲ್ಲ ಕೂತು ಅದರ ಲೆಕ್ಕ ಹಾಕಬೇಕು.

ನಾನು ಶಿವಮೊಗ್ಗದ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕ್ಲರ್ಕ್ ಆಗಿದ್ದೆ. ನಮ್ಮವರದು ಹಾರ್ಡ್‌ವೇರ್ ಅಂಗಡಿ. ಮನೆಯಲ್ಲಿ ಅತ್ತೆ, ಪಿಯುಸಿ ಓದುವ ಮಗಳು, ಹೈಸ್ಕೂಲಿನ ಮಗ. ಬಿ.ಕಾಂ. ಮುಗಿಸಿ ಇಪ್ಪತ್ತು ವರ್ಷಗಳಾದ ಮೇಲೆ, 2023ರಲ್ಲಿ, ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಈ ದಾರಿ ನಮ್ಮಲ್ಲಿ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿತ್ತು, ಅದೇ ಬೆಳೆದು 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಮ್ಮಪ್ಪನ ಕಾಲದ ಎಷ್ಟೋ ಮೇಷ್ಟ್ರುಗಳು ಅಂಚೆಯಲ್ಲಿ ಬಂದ ಪಾಠ ಓದಿಯೇ ಎಂ.ಎ. ಮಾಡಿಕೊಂಡರು. ಅವರ ಓದಿನ ದಿನಗಳಲ್ಲಿ ಮನೆಯ ಕೆಲಸವನ್ನೆಲ್ಲ ಹೊತ್ತವರು ಅವರ ಹೆಂಡಂದಿರು. ಆ ಖರ್ಚನ್ನು ಯಾರೂ ಬರೆದಿಡಲಿಲ್ಲ.

ನಾವು ಬರೆದಿಟ್ಟೆವು. ಒಂದು ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದ ಮೇಲೆ, ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ನಾನು ಏನೇನು ಮಾಡುತ್ತೇನೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಇಬ್ಬರೂ ಪಟ್ಟಿ ಮಾಡಿದೆವು. ಅಡಿಗೆ, ಪಾತ್ರೆ, ಬಟ್ಟೆ, ಮಗನ ಗಣಿತ. ಜೊತೆಗೆ ಅಂಗಡಿಯ ಜಿಎಸ್‌ಟಿ. ಬಿಲ್ಲುಗಳನ್ನೆಲ್ಲ ಜೋಡಿಸಿ ರಿಟರ್ನ್ ಹಾಕುವ ಕೆಲಸ ನನ್ನದೇ ಆಗಿತ್ತು. ನಾನು ಓದಲು ಕೂತರೆ ಇದನ್ನೆಲ್ಲ ಯಾರು ಮಾಡುವುದು? ಅತ್ತೆ ಒಳಗಿನಿಂದಲೇ, ‘ನೀನು ಓದ್ಕೊಳೇ, ಅಡಿಗೆ ನಾ ನೋಡ್ಕೋತೀನಿ’ ಅಂದರು. ಮನಸಾರೆ ಹೇಳಿದ ಮಾತದು. ಆದರೆ ಅವರ ಮಂಡಿ ನೋವು ನಮಗೆ ಗೊತ್ತು. ಅಡಿಗೆ ಮನೆಯಲ್ಲಿ ದಿನಾ ಎರಡು ತಾಸು ಹೆಚ್ಚಿಗೆ ನಿಂತರೆ ನನ್ನ ಪದವಿಯ ಖರ್ಚನ್ನು ಅವರ ಮಂಡಿ ಕಟ್ಟಬೇಕಾಗುತ್ತದೆ.

ಹಾಗಾಗಿ ಪಾತ್ರೆ, ಬಟ್ಟೆಗೆ ಒಬ್ಬರನ್ನು ಗೊತ್ತು ಮಾಡಿದೆವು, ತಿಂಗಳಿಗೆ 1,500 ರೂಪಾಯಿ. ಜಿಎಸ್‌ಟಿ ಕೆಲಸವನ್ನು ಆಡಿಟರ್ ಆಫೀಸಿಗೆ ವಹಿಸಿದೆವು, ತಿಂಗಳಿಗೆ 1,000. ಅಡಿಗೆಯಲ್ಲಿ ಬೆಳಗಿನದು ನನ್ನದು, ರಾತ್ರಿಯದು ನಮ್ಮವರದು ಮತ್ತು ಮಗಳದು. ಅತ್ತೆಗೆ ಉಸ್ತುವಾರಿ ಮಾತ್ರ. ಅಲ್ಲಿಯವರೆಗೆ ಪುಕ್ಕಟೆಯಾಗಿ ನಡೆಯುತ್ತಿದ್ದ ಕೆಲಸಗಳ ಬೆಲೆ ಅವತ್ತು ಕಣ್ಣಿಗೆ ಕಂಡಿತು: ಎರಡು ವರ್ಷಕ್ಕೆ 60,000 ರೂಪಾಯಿ. ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ, ಪುಸ್ತಕ, ಜೆರಾಕ್ಸ್, ಪರೀಕ್ಷೆಗೆ ಹಾಕಿದ ಸಂಬಳವಿಲ್ಲದ ರಜೆ, ಎಲ್ಲ ಸೇರಿ ಕೊನೆಗೆ ಲಕ್ಷದ ಹತ್ತಿರ ಹೋಯಿತು. ಅದರಲ್ಲಿ ವಿಶ್ವವಿದ್ಯಾನಿಲಯಕ್ಕೆ ಕಟ್ಟಿದ್ದು ಮೂರನೇ ಒಂದು ಭಾಗವೂ ಇಲ್ಲ. ಉಳಿದದ್ದರಲ್ಲಿ ಬಹುಪಾಲು ಸಮಯ ಕೊಳ್ಳಲು ಕೊಟ್ಟ ಹಣ.

ಈ ಹಣ ಎಲ್ಲಿಂದ ತರುವುದು? ಮಕ್ಕಳಿಗೆಂದು ಇಟ್ಟದ್ದನ್ನು ಮುಟ್ಟಬಾರದು, ಒಡವೆ ಅಡ ಇಡಬಾರದು ಎಂದು ಮೊದಲೇ ಮಾತಾಗಿತ್ತು. ಪಿಪಿಎಫ್ ಖಾತೆಗೆ ಐದು ವರ್ಷ ತುಂಬಿದ್ದರೆ ಖಾತೆದಾರರು ತಮ್ಮದೇ ಉನ್ನತ ಶಿಕ್ಷಣಕ್ಕೆಂದು ಅದನ್ನು ಅವಧಿಗೆ ಮುಂಚೆ ಮುಚ್ಚಬಹುದು, ಬಡ್ಡಿಯಲ್ಲಿ ಶೇ 1ರಷ್ಟು ಕಡಿತವಾಗುತ್ತದೆ. ಆದರೆ ಮುಪ್ಪಿನ ಹಣವನ್ನು ನಡುವಯಸ್ಸಿನ ಓದಿಗೆ ಹಾಕಲು ನನಗೆ ಧೈರ್ಯ ಬರಲಿಲ್ಲ, ನಿಮಗೂ ನಾನು ಹೇಳುವುದಿಲ್ಲ. ನಮಗೆ ಕೈಹಿಡಿದದ್ದು ಪಿಗ್ಮಿ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಬಡವರ ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ಕೂಡಿಸಲು ಶುರು ಮಾಡಿದ ಏರ್ಪಾಡು ಅದು. ದಿನಾ ಅಂಗಡಿಗೆ ಬರುವ ಪಿಗ್ಮಿಯವರ ಹತ್ತಿರ ನನ್ನ ಹೆಸರಿನಲ್ಲಿ ಬೇರೆ ಖಾತೆ ತೆರೆದು, ಸೇರುವುದಕ್ಕೆ ಒಂದು ವರ್ಷ ಮೊದಲಿನಿಂದಲೇ ದಿನಕ್ಕೆ 100 ರೂಪಾಯಿ ಕಟ್ಟಿದೆವು. ಓದಿಗೆ ಅದರದ್ದೇ ಖಾತೆ ಇದ್ದರೆ ಎರಡು ಅನುಕೂಲ. ಮನೆಯಲ್ಲಿ ಏನಾದರೂ ಖರ್ಚು ಬಂದಾಗ ಮೊದಲು ಕೊಯ್ಯುವುದು ಹೆಂಗಸಿನ ಓದನ್ನೇ, ಹಾಗೆ ಕೊಯ್ಯುವುದು ನಿಲ್ಲುತ್ತದೆ. ಪ್ರತಿ ಸಲ ಫೀಸಿಗೆ ಕೈಚಾಚಿ ಕೇಳುವ ಪ್ರಮೇಯವೂ ಬರುವುದಿಲ್ಲ.

ಸಂಪರ್ಕ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಒಬ್ಬ ಗೆಳತಿ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ತಿಂಗಳು ತಿಂಗಳೂ ಎತ್ತಿಟ್ಟು ಫೀಸು ಕಟ್ಟಿದರು. ಸಾಗರದ ಕಡೆಯ ಹಳ್ಳಿಯಿಂದ ಬರುತ್ತಿದ್ದ ಅವರಿಗೆ 2023ರ ಜೂನ್‌ನಿಂದ ಬಸ್ಸಿನ ಖರ್ಚೂ ಇರಲಿಲ್ಲ. ಶಕ್ತಿ ಯೋಜನೆ ಇಲ್ಲದಿದ್ದರೆ ಬರುತ್ತಲೇ ಇರಲಿಲ್ಲ ಎಂದು ಅವರೇ ಹೇಳಿದ್ದರು. ಹೆಂಗಸರಿಗೆ ಬಸ್ಸು ಬಿಟ್ಟಿ ಮಾಡಿ ಏನು ಸಾಧಿಸಿದರು ಎನ್ನುವವರನ್ನು ಒಂದು ಭಾನುವಾರ ಆ ತರಗತಿಗೆ ಕರೆದುಕೊಂಡು ಹೋಗಬೇಕು ಅನ್ನಿಸುತ್ತದೆ.

ಇನ್ನು ಸಾಲದ ಮಾತು. ನಮ್ಮ ಆಫೀಸಿನ ಹುಡುಗನೊಬ್ಬ ಆನ್‌ಲೈನ್ ಎಂಬಿಎಗೆ ಸೇರಿದ. ಫೋನಿನಲ್ಲೇ ಮಾತು, ಫೋನಿನಲ್ಲೇ ಒಟಿಪಿ. ‘ಕಂತಿನಲ್ಲಿ ಕಟ್ಟಿ ಸಾರ್’ ಎಂದಿದ್ದನ್ನು ಅವನು ಕಾಲೇಜಿಗೆ ಕಟ್ಟುವ ಕಂತು ಎಂದುಕೊಂಡ. ನೋಡಿದರೆ ಅದು ಬೇರೊಂದು ಫೈನಾನ್ಸ್ ಕಂಪನಿ ಅವನ ಹೆಸರಿಗೆ ಬರೆದ ಸಾಲ. ಮಗು ಹುಟ್ಟಿದ ಮೇಲೆ ಓದಲಾಗದೆ ಬಿಟ್ಟ. ಓದು ನಿಂತರೂ ಇಎಂಐ ನಿಲ್ಲಲಿಲ್ಲ, ಒಂದೆರಡು ಕಂತು ತಪ್ಪಿ ಸಿಬಿಲ್ ಸ್ಕೋರೂ ಇಳಿಯಿತು. ಓದುವ ವಯಸ್ಸಿನವರ ಸಾಲಕ್ಕೂ ನಮ್ಮ ಸಾಲಕ್ಕೂ ವ್ಯತ್ಯಾಸವಿದೆ. ಅವರಿಗೆ ತೀರಿಸಲು ಮೂವತ್ತೈದು ವರ್ಷದ ದುಡಿಮೆ ಮುಂದಿರುತ್ತದೆ, ನಮಗೆ ಹದಿನೈದು. ಸಾಲ ಮಾಡಲೇಬೇಕಾಗಿ ಬಂದರೆ ಬ್ಯಾಂಕಿನ ಶಿಕ್ಷಣ ಸಾಲವನ್ನೇ ಕೇಳಿ. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಸ್ವಂತ ಓದಿನ ಸಾಲದ ಬಡ್ಡಿಗೆ ಗರಿಷ್ಠ ಎಂಟು ವರ್ಷ ವಿನಾಯಿತಿ ಸಿಗುತ್ತದೆ. ಅಸಲಿಗೆ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲೂ ಇಲ್ಲ, ಭಾವನ ಹತ್ತಿರ ತಂದ ಕೈಸಾಲಕ್ಕೂ ಇಲ್ಲ. ತೆರಿಗೆ ವಿನಾಯಿತಿಗೆ ಬೋಧನಾ ಶುಲ್ಕವನ್ನೂ ತೋರಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಇಬ್ಬರು ಮಕ್ಕಳ ಫೀಸಿಗೆ ಮಾತ್ರ. ತಾಯಿ ತನ್ನ ಓದಿಗೆ ಕಟ್ಟಿದ ಫೀಸನ್ನು ಆ ನಿಯಮ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಇದು ಸರಿಯಲ್ಲ ಎಂದೇ ನಾನು ಭಾವಿಸುತ್ತೇನೆ.

ಹಣ ಕಟ್ಟುವ ಮುಂಚೆ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ಸಂಸ್ಥೆಯ ಹೆಸರು, ಕೋರ್ಸಿನ ಹೆಸರು, ಯಾವ ವರ್ಷದವರೆಗೆ ಮಾನ್ಯತೆ, ಮೂರನ್ನೂ ನೋಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಮುಕ್ತ ವಿಶ್ವವಿದ್ಯಾನಿಲಯಕ್ಕೇ 2013-14ರಿಂದ ಯುಜಿಸಿ ಮಾನ್ಯತೆ ಇಲ್ಲದೆ ಹೋಗಿ, 2018ರಲ್ಲಿ ಮತ್ತೆ ಸಿಕ್ಕಿತು. ಆ ನಡುವಿನ ವರ್ಷಗಳಲ್ಲಿ ಓದಿದವರು ಪಟ್ಟ ಪಾಡು ರಾಜ್ಯಕ್ಕೆಲ್ಲ ಗೊತ್ತು. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳಿಗೆ ದೂರಶಿಕ್ಷಣದಲ್ಲಿ ಅವಕಾಶವಿಲ್ಲ. ಯಾರಾದರೂ ಕೊಡಿಸುತ್ತೇವೆ ಎಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಶುಲ್ಕ ರಿಯಾಯಿತಿ ಯಾವ ವರ್ಗಕ್ಕೆ ಎಷ್ಟು ಎಂಬುದು ಪ್ರವೇಶದ ಅಧಿಸೂಚನೆಯಲ್ಲೇ ಇರುತ್ತದೆ. ಎಷ್ಟೋ ಜನ ಅದನ್ನು ಓದದೆ ಪೂರ್ತಿ ಫೀಸು ಕಟ್ಟಿರುವುದನ್ನು ನಾನು ನೋಡಿದ್ದೇನೆ. ಎರಡೇ ವರ್ಷದಲ್ಲಿ ಮುಗಿಸಲಾಗದವರು ಇಗ್ನೋ ಕಡೆಯೂ ನೋಡಬಹುದು. ಅಲ್ಲಿ ಎರಡು ವರ್ಷದ ಎಂ.ಕಾಂ.ಅನ್ನು ನಾಲ್ಕು ವರ್ಷಕ್ಕೆ ಹಿಗ್ಗಿಸಿಕೊಳ್ಳಬಹುದು.

ಆಫೀಸಿನಲ್ಲೂ ಮೊದಲೇ ಮಾತಾಡಿಕೊಳ್ಳಬೇಕು. ಸರ್ಕಾರಿ ನೌಕರರಾದರೆ ಇಲಾಖೆಯ ಪೂರ್ವಾನುಮತಿ ಬೇಕು. ನಮ್ಮಂಥ ಕಡೆ ಬಾಯಿಮಾತಿನ ಭರವಸೆ ಸಾಲದು. ಈ ಪದವಿಯಾದರೆ ಯಾವ ಹುದ್ದೆಗೆ ನನ್ನನ್ನು ಪರಿಗಣಿಸುತ್ತೀರಿ, ಸಂಬಳ ಎಷ್ಟಾಗುತ್ತದೆ ಎಂದು ನಾನು ಆಡಳಿತ ಮಂಡಳಿಗೆ ಅರ್ಜಿ ಬರೆದು ಕೇಳಿದೆ. ಉತ್ತರ ಬರೆಸಿಕೊಂಡ ಮೇಲೆಯೇ ಫೀಸು ಕಟ್ಟಿದೆ.

2025ರಲ್ಲಿ ಪದವಿ ಮುಗಿಯಿತು, ಶಾಖೆಯ ಅಕೌಂಟೆಂಟ್ ಆದೆ. ಕೈಗೆ ಬರುವ ಸಂಬಳ ತಿಂಗಳಿಗೆ 5,200 ರೂಪಾಯಿ ಹೆಚ್ಚಿದೆ. ಹಾಕಿದ ಲಕ್ಷ ಒಂದೂವರೆ ವರ್ಷದಲ್ಲಿ ವಾಪಸ್ ಬರುತ್ತದೆ ಎಂದು ಮಗಳು ಲೆಕ್ಕ ಹಾಕಿದಳು. ನನ್ನ ಲೆಕ್ಕ ಬೇರೆ. ಪಾತ್ರೆಯ ಕೆಲಸದವರು ಈಗಲೂ ಬರುತ್ತಾರೆ, ಜಿಎಸ್‌ಟಿ ಕಡತ ಈಗಲೂ ಆಡಿಟರ್ ಆಫೀಸಿನಲ್ಲೇ ಇದೆ. ಆ 2,500 ಕಳೆದರೆ ಉಳಿಯುವುದು 2,700, ಅಂದರೆ ಲಕ್ಷ ತೀರಲು ಮೂರು ವರ್ಷ ಬೇಕು. ಓದು ಮುಗಿಯಿತಲ್ಲ, ಇನ್ನು ಆ ಎರಡು ಖರ್ಚು ನಿಲ್ಲಿಸೋಣವೇ ಎಂದು ಮನೆಯಲ್ಲಿ ಯಾರೂ ಕೇಳಿಲ್ಲ. ಕೇಳಿದರೆ ನಾನು ಒಪ್ಪುವುದೂ ಇಲ್ಲ.