ಹಿಂದೆ ಬಿದ್ದ ಚಿತ್ರಸಂಪುಟ

ಹವ್ಯಾಸವೆಂಬುದು ಮನುಷ್ಯನು ತನ್ನ ಬಿಡುವಿನ ವೇಳೆಯಲ್ಲಿ ತಾನಾಗಿಯೇ ಒಲಿದು ಮಾಡುವ ಕೆಲಸ. ಅದಕ್ಕೆ ಮೇಲಧಿಕಾರಿಯಿಲ್ಲ, ಗಡುವಿಲ್ಲ, ಸಂಬಳವೂ ಇಲ್ಲ. ಹೀಗಿದ್ದರೂ ಒಲಿದು ಹಿಡಿದ ಹವ್ಯಾಸವೇ ಕೆಲವೊಮ್ಮೆ ಹೊರೆಯಾಗಿ ಪರಿಣಮಿಸುವುದುಂಟು. ಛಾಯಾಚಿತ್ರಗಳನ್ನು ಗಣಕಯಂತ್ರದಲ್ಲಿ ಪುಟಪುಟವಾಗಿ ಜೋಡಿಸಿ, ಪಕ್ಕದಲ್ಲಿ ನಾಲ್ಕು ಮಾತು ಬರೆದು, ಬಸ್ಸಿನ ಟಿಕೆಟು, ಲಗ್ನಪತ್ರಿಕೆ, ಜಾತ್ರೆಯ ಕರಪತ್ರ ಮೊದಲಾದವುಗಳ ಬಿಂಬಗಳನ್ನೂ ಸೇರಿಸಿ ನೆನಪಿನ ಸಂಪುಟ ಕಟ್ಟುವ ಹವ್ಯಾಸ ಅಂಥದು. ಮೊದಲ ತಿಂಗಳು ಉತ್ಸಾಹದಿಂದ ಸಾಗುವ ಈ ಕೆಲಸವು ಪರೀಕ್ಷೆ, ಸುಗ್ಗಿ, ಮನೆಯ ಮದುವೆಗಳ ನಡುವೆ ನಿಂತುಹೋಗುತ್ತದೆ. ವರ್ಷ ಕಳೆದ ಮೇಲೆ ರಾಶಿಬಿದ್ದ ಚಿತ್ರಗಳನ್ನು ಕಂಡು ಮನಸ್ಸು ಹಿಂಜರಿಯುತ್ತದೆ. ಈ ಹಿಂಜರಿಕೆಯ ಕಾರಣವನ್ನೂ ಅದರ ಪರಿಹಾರವನ್ನೂ ವಿದ್ಯಾರ್ಥಿಗಳು ವಿಚಾರಿಸಿ ನೋಡುವುದು ಉಚಿತ.

1. ಹಿಂದೆ ಬೀಳುವುದೇಕೆ?

ಹಿಂದಿನ ಕಾಲದಲ್ಲಿ ಕ್ಯಾಮರಾದ ಒಂದು ಫಿಲ್ಮ್ ಸುರುಳಿಯಲ್ಲಿ ಸಾಮಾನ್ಯವಾಗಿ 36 ಚಿತ್ರಗಳಿಗೆ ಮಾತ್ರ ಅವಕಾಶವಿತ್ತು. ಸುರುಳಿಗೂ ಹಣ, ತೊಳೆಸುವುದಕ್ಕೂ ಹಣ. ಆದುದರಿಂದ ಆಯ್ಕೆಯು ಚಿತ್ರ ತೆಗೆಯುವ ಮುಂಚೆಯೇ ನಡೆದುಹೋಗುತ್ತಿತ್ತು. ಹಜಾರದ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಬಿಟ್ಟ ಐದಾರು ಪಟಗಳೇ ಮನೆತನದ ಇತಿಹಾಸವಾಗಿದ್ದವು.

1975ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರು ಫಿಲ್ಮ್ ಇಲ್ಲದ ಕ್ಯಾಮರಾವೊಂದನ್ನು ರಚಿಸಿದರು. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ದಾಖಲಿಸಲು ಅದಕ್ಕೆ 23 ಸೆಕೆಂಡುಗಳು ಬೇಕಾಗಿದ್ದವು. ಇಂದಿನ ಮೊಬೈಲ್ ಫೋನು ಅಷ್ಟು ಹೊತ್ತಿನಲ್ಲಿ ಹತ್ತಾರು ಚಿತ್ರಗಳನ್ನು ಹಿಡಿಯಬಲ್ಲುದು. ಚಿತ್ರ ತೆಗೆಯಲು ಖರ್ಚಿಲ್ಲವಾದ ಕಾರಣ ಆಯ್ಕೆಯ ಹೊಣೆಯು ಮುಂಚಿನಿಂದ ಅನಂತರಕ್ಕೆ ವರ್ಗವಾಯಿತು. ಹಿಂದೆ ಬೀಳುವುದರ ಮೂಲ ಇಲ್ಲಿದೆ. ಇದು ಕೇವಲ ಸೋಮಾರಿತನದ ಫಲವಲ್ಲ.

ಇದನ್ನು ಲೆಕ್ಕದಿಂದಲೂ ತಿಳಿಯಬಹುದು. ಒಬ್ಬ ವಿದ್ಯಾರ್ಥಿಯ ಬಳಿ 4,000 ಚಿತ್ರಗಳು ಉಳಿದಿವೆಯೆಂದು ಭಾವಿಸಿದರೆ, ದಿನಕ್ಕೆ 10ರಂತೆ ಜೋಡಿಸಿದರೂ 400 ದಿನಗಳು ಬೇಕು. ಆ ಅವಧಿಯಲ್ಲಿ ದಿನಕ್ಕೆ 10 ಹೊಸ ಚಿತ್ರಗಳು ಸೇರಿದರೆ ಕೊನೆಗೆ ಉಳಿಯುವುದು ಮತ್ತೆ 4,000. ಎಲ್ಲವನ್ನೂ ಮುಗಿಸಿಯೇ ತೀರಬೇಕೆಂಬ ಸಂಕಲ್ಪವು ಮುಗಿಯದ ಓಟ. ತಿಂಗಳಿಗೆ 12 ಚಿತ್ರಗಳನ್ನು ಮಾತ್ರ ಆರಿಸಿದರೆ ವರ್ಷಕ್ಕೆ 144, ಹತ್ತು ವರ್ಷಕ್ಕೆ 1,440 ಆಗುತ್ತವೆ. ಒಂದು ಮನೆತನದ ಹತ್ತು ವರ್ಷದ ಬಾಳನ್ನು ತೋರಿಸಲು ಇಷ್ಟು ಧಾರಾಳವಾಗಿ ಸಾಕು.

2. ತಡವಾದುದೆಲ್ಲ ವ್ಯರ್ಥವಲ್ಲ

ಬಾಬುರಾಯನಕೊಪ್ಪಲಿನ ಮಕ್ಕಳಿಗೆ ನಿತ್ಯಪರಿಚಿತವಾದ ಶ್ರೀರಂಗಪಟ್ಟಣವೇ ಈ ಮಾತಿಗೆ ಸಾಕ್ಷಿ. ರಾಬರ್ಟ್ ಹೋಮ್ ಎಂಬ ಚಿತ್ರಕಾರ 1791–92ರ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದು ಇಲ್ಲಿಯ ಕೋಟೆಕೊತ್ತಲಗಳ ನೋಟಗಳನ್ನು ಬರೆದುಕೊಂಡನು. ಅವು ಪುಸ್ತಕವಾಗಿ ಪ್ರಕಟವಾದುದು 1794ರಲ್ಲಿ. ಅದೇ ಯುದ್ಧದಲ್ಲಿದ್ದ ಜೇಮ್ಸ್ ಹಂಟರ್ 1792ರಲ್ಲಿಯೇ ತೀರಿಕೊಂಡನು. ಅವನು ರಚಿಸಿದ ಮೈಸೂರು ಸೀಮೆಯ ಚಿತ್ರಗಳ ಸಂಪುಟ ಹೊರಬಂದುದು 1805ರಲ್ಲಿ. ಫ್ರಾನ್ಸಿಸ್ ಬುಕನನ್ 1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು, ಬೆಳೆ, ನೀರಾವರಿ, ಕಸುಬು, ಜನಜೀವನಗಳ ವಿವರಗಳನ್ನು ದಿನಾಂಕಸಹಿತವಾಗಿ ದಿನಚರಿಯಲ್ಲಿ ಬರೆದಿಟ್ಟನು. ಆ ದಿನಚರಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾದುದು 1807ರಲ್ಲಿ.

ಸಂಪುಟ ತಡವಾಯಿತೆಂದು ಇಂದು ಯಾರೂ ಅವರನ್ನು ಆಕ್ಷೇಪಿಸುವುದಿಲ್ಲ. ಏಕೆಂದರೆ ಎಲ್ಲಿ, ಯಾವಾಗ, ಏನು ಎಂಬ ಮೂಲಸಂಗತಿಗಳು ಆಗಲೇ ದಾಖಲಾಗಿದ್ದವು. ತಡವಾದುದು ಜೋಡಣೆ ಮಾತ್ರ. ಜೋಡಣೆ ಕಾಯಬಲ್ಲುದು, ಸಂಗತಿ ಕಾಯಲಾರದು. ಈ ಹವ್ಯಾಸದಲ್ಲಿ ತೊಡಗುವವರು ಮನಗಾಣಬೇಕಾದ ಮುಖ್ಯ ತತ್ತ್ವವಿದು.

3. ನಿಜವಾಗಿ ಕಳೆದುಹೋಗುವುದು ಯಾವುದು?

ಶ್ರೀರಂಗಪಟ್ಟಣದ ರೈಲುಮಾರ್ಗಕ್ಕೆ ಜೋಡಿಹಳಿ ಹಾಕುವ ಸಲುವಾಗಿ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ನೂರು ಮೀಟರಿಗಿಂತ ಹೆಚ್ಚು ದೂರಕ್ಕೆ ಸಾಗಿಸಲಾಯಿತು. ಅದರ ಮುಂದೆ ನಿಂತು ತೆಗೆಸಿಕೊಂಡ ಚಿತ್ರದಲ್ಲಿ ದಿನಾಂಕವಿಲ್ಲದಿದ್ದರೆ ಅದು ಹಳೆಯ ಸ್ಥಳದ್ದೊ ಹೊಸ ಸ್ಥಳದ್ದೊ ಎಂದು ಮುಂದೆ ಹೇಳುವುದು ಕಷ್ಟ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯೂ ಈ ಸೀಮೆಯ ನೋಟವನ್ನು ಬದಲಿಸಿದೆ. ಹೆದ್ದಾರಿಗಿಂತ ಮುಂಚಿನ ಗದ್ದೆಬಯಲಿನ ಒಂದು ಸಾಧಾರಣ ಚಿತ್ರವೂ ಈಗ ದಾಖಲೆಯೇ ಆಗಿದೆ.

1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನಿರ್ಮಾಣದಿಂದ ಹಳೆಯ ಕನ್ನಂಬಾಡಿ ಗ್ರಾಮವೂ ಅಲ್ಲಿಯ ವೇಣುಗೋಪಾಲಸ್ವಾಮಿ ದೇವಾಲಯವೂ ನೀರಿನಲ್ಲಿ ಮುಳುಗಿದವು. ಈ ಶತಮಾನದಲ್ಲಿ ಆ ದೇವಾಲಯದ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮರಳಿ ಕಟ್ಟಲಾಯಿತು. ಇಂಥ ಕಾರ್ಯದಲ್ಲಿ ಯಾವ ಕಲ್ಲು ಎಲ್ಲಿಯದೆಂಬ ಗುರುತಿಲ್ಲದಿದ್ದರೆ ಉಳಿಯುವುದು ಬರಿಯ ಕಲ್ಲಿನ ರಾಶಿ. ಹೆಸರಿಲ್ಲದ ಚಿತ್ರಗಳ ಸ್ಥಿತಿಯೂ ಹೀಗೆಯೇ.

ಮನೆಯ ಹಳೆಯ ಮದುವೆಯ ಪಟವನ್ನೇ ತೆಗೆದುಕೊಳ್ಳಬಹುದು. ಮುಂದಿನ ಸಾಲಿನಲ್ಲಿ ಕುಳಿತ ಮುದುಕರು ಯಾರು, ಅಂಚಿನಲ್ಲಿ ಮಗುವನ್ನೆತ್ತಿಕೊಂಡು ನಿಂತ ಹೆಂಗಸು ಯಾವ ಊರಿನವರು ಎಂಬುದನ್ನು ಹೇಳಬಲ್ಲವರು ಅಜ್ಜಿ, ತಾತ, ದೊಡ್ಡಮ್ಮ ಇಂಥ ಇಬ್ಬರು ಮೂವರು ಮಾತ್ರ. ಅವರ ಕಾಲಾನಂತರ ಪಟ ಉಳಿದರೂ ಮುಖಗಳು ಅನಾಮಧೇಯವಾಗುತ್ತವೆ. ಯಂತ್ರವು ಎರಡು ಚಿತ್ರಗಳಲ್ಲಿರುವುದು ಒಂದೇ ಮುಖವೆಂದು ಗುರುತಿಸಬಹುದು. ಆದರೆ ಯಾರೂ ತಿಳಿಸದಿದ್ದರೆ ಆಕೆಯ ಹೆಸರನ್ನಾಗಲಿ, ಬರಗಾಲದಲ್ಲಿ ಆಕೆ ನೆರೆಮನೆಗೆ ರಾಗಿ ಕೊಟ್ಟ ಕಥೆಯನ್ನಾಗಲಿ ಅದು ಅರಿಯದು. ಆದುದರಿಂದ ಹಿಂದೆ ಬಿದ್ದ ಕೆಲಸದಲ್ಲಿ ಆತುರದ ಭಾಗವೆಂದರೆ ಇದೊಂದೇ: ಬಲ್ಲವರು ಇರುವಾಗಲೇ ಹೆಸರುಗಳನ್ನು ಕೇಳಿ ಬರೆದಿಡುವುದು. ಉಳಿದುದೆಲ್ಲ ಬಿಡುವಾದಾಗ ಆಗಬಹುದು.

4. ಅನುಸರಿಸತಕ್ಕ ಕ್ರಮ

ಮೊದಲನೆಯದಾಗಿ, ಹಿಂದಿನ ಬಾಕಿಯಿಂದ ಆರಂಭಿಸದೆ ಪ್ರಸ್ತುತ ತಿಂಗಳಿನಿಂದ ಆರಂಭಿಸಬೇಕು. ನೆನಪು ಹಸಿಯಾಗಿರುವಾಗ ಬರೆಯುವುದು ಸುಲಭ. ಹಳೆಯ ವರ್ಷಗಳನ್ನು ಬಿಡುವಿದ್ದಾಗ ಒಂದೊಂದಾಗಿ ಕೈಗೆತ್ತಿಕೊಳ್ಳಬಹುದು; ಅನುಕ್ರಮವಾಗಿಯೇ ಆಗಬೇಕೆಂಬ ನಿಯಮವಿಲ್ಲ.

ಎರಡನೆಯದಾಗಿ, ಅಲಂಕಾರಕ್ಕಿಂತ ವಿವರಣೆ ಮುಖ್ಯ. ಯಾರು, ಎಲ್ಲಿ, ಯಾವಾಗ, ಯಾವ ಸಂದರ್ಭ, ಚಿತ್ರ ತೆಗೆದವರು ಯಾರು ಎಂಬ ಐದು ಪ್ರಶ್ನೆಗಳಿಗೆ ಎರಡು ವಾಕ್ಯಗಳಲ್ಲಿ ಉತ್ತರವಿದ್ದರೆ ಸಾಕು. ಹೂಬಳ್ಳಿಯ ಅಂಚು, ಬಣ್ಣದ ಹಿನ್ನೆಲೆಗಳನ್ನು ಯಾವಾಗ ಬೇಕಾದರೂ ಸೇರಿಸಬಹುದು.

ಮೂರನೆಯದಾಗಿ, ಕಡತಗಳಿಗೆ ಹೆಸರಿಡುವಾಗ ವರ್ಷ, ತಿಂಗಳು, ದಿನ ಎಂಬ ಕ್ರಮವಿರಬೇಕು. ‘2024-02-16-ಶ್ರೀರಂಗಪಟ್ಟಣ-ರಥಸಪ್ತಮಿ’ ಎಂದು ಬರೆದರೆ ಯಂತ್ರವು ತಾನಾಗಿಯೇ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ವಿವರಣೆಯನ್ನು ಯೂನಿಕೋಡ್ ಕನ್ನಡದಲ್ಲಿಯೇ ಬರೆಯುವುದು ಲೇಸು. ಹಿಂದಿನ ಕೆಲವು ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಬರಹಗಳು ಬೇರೆ ಯಂತ್ರದಲ್ಲಿ ಓದಲು ಬಾರದಂತಾಗುವುದುಂಟು.

ನಾಲ್ಕನೆಯದಾಗಿ, ಪ್ರತಿಗಳ ರಕ್ಷಣೆ. ಕ್ಯಾಮರಾವು ಚಿತ್ರದ ಕಡತದೊಳಗೇ ದಿನಾಂಕ ಮತ್ತು ವೇಳೆಯನ್ನು ಬರೆದಿಡುತ್ತದೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದಾಗ ಗಾತ್ರ ಕುಗ್ಗುವುದಲ್ಲದೆ ಈ ಮಾಹಿತಿಯೂ ಅಳಿಯುತ್ತದೆ. ಆದಕಾರಣ ಮೂಲಪ್ರತಿಯನ್ನೇ ಪಡೆದು ಇಡಬೇಕು. ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ಬಲ್ಲವರ ನಿಯಮ. ಆರಿಸಿದ ಪುಟಗಳನ್ನು ವರ್ಷಕ್ಕೊಮ್ಮೆ ಕಾಗದದ ಮೇಲೆ ಅಚ್ಚು ಹಾಕಿಸಿದರೆ ಮನೆಮಂದಿಯೆಲ್ಲ ಕುಳಿತು ನೋಡುವ ಸುಖವೂ ದೊರೆಯುತ್ತದೆ.

5. ಸಂತೋಷ ಉಳಿಯಬೇಕಾದರೆ

ಪರರ ಸಂಪುಟದೊಡನೆ ತನ್ನದನ್ನು ಹೋಲಿಸುವುದು ಈ ಹವ್ಯಾಸದ ದೊಡ್ಡ ಶತ್ರು. ಬೇರೊಬ್ಬರ ಪುಟ ಹೆಚ್ಚು ಅಂದವಾಗಿರಬಹುದು. ಆದರೆ ಅದರಲ್ಲಿ ತನ್ನ ಊರಿನ ಆಲೆಮನೆಯ ಹೊಗೆಯಿರುವುದಿಲ್ಲ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ದೇಶದ ಹಿರಿಯ ಛಾಯಾಗ್ರಾಹಕರೆನಿಸಿದುದು ಜನಸಾಮಾನ್ಯರ ದಿನನಿತ್ಯದ ಬಾಳನ್ನು ಆದರದಿಂದ ಕಂಡುದರಿಂದ. ಕಿರಂಗೂರಿನ ಬನ್ನಿಮಂಟಪದಿಂದ ಹೊರಡುವ ದಸರಾ ಮೆರವಣಿಗೆಯಷ್ಟೇ ಗೌರವಕ್ಕೆ ಹಿತ್ತಲಿನಲ್ಲಿ ಅವರೆಕಾಯಿ ಸುಲಿಯುವ ಕೈಗಳೂ ಪಾತ್ರವಾದವು.

ಕೆಲಕಾಲ ಮನಸ್ಸಿಲ್ಲದಿದ್ದರೆ ಬಿಟ್ಟುಬಿಡುವುದರಲ್ಲಿ ತಪ್ಪಿಲ್ಲ. ಖಾಲಿ ಉಳಿದ ತಿಂಗಳಿನ ಪುಟದಲ್ಲಿ ‘ಈ ತಿಂಗಳು ಕಬ್ಬಿನ ಕಟಾವಿನಲ್ಲಿ ಬಿಡುವಿರಲಿಲ್ಲ’ ಎಂದು ಬರೆದರೆ ಅದೂ ಇತಿಹಾಸವೇ. ಒಂಟಿಯಾಗಿ ಮಾಡುವುದಕ್ಕಿಂತ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದರೆ ಒಂದು ಚಿತ್ರಕ್ಕೆ ಅರ್ಧ ಗಂಟೆ ಹಿಡಿದೀತು. ಆದರೆ ಆ ಅರ್ಧ ಗಂಟೆಯೇ ಹವ್ಯಾಸದ ಫಲ. ಸಾಲವನ್ನು ತೀರಿಸಲೇಬೇಕು, ಸಂಪುಟವು ಸಾಲವಲ್ಲ. ಅದು ಮುಂದೆ ಹುಟ್ಟುವವರಿಗೆ ಇಂದಿನವರು ಪ್ರೀತಿಯಿಂದ ಬರೆಯುವ ಪತ್ರ. ಪತ್ರ ಚಿಕ್ಕದಾದರೂ ಚಿಂತೆಯಿಲ್ಲ, ಅದರಲ್ಲಿ ಹೆಸರುಗಳಿರಬೇಕು.

ಅಭ್ಯಾಸ

1. ಮನೆಯ ಅತ್ಯಂತ ಹಳೆಯ ಗುಂಪುಚಿತ್ರದಲ್ಲಿರುವವರ ಹೆಸರುಗಳನ್ನು ಹಿರಿಯರಿಂದ ಕೇಳಿ, ಎಡದಿಂದ ಬಲಕ್ಕೆ ಕ್ರಮವಾಗಿ ಬರೆಯಿರಿ.

2. ಕಳೆದ ತಿಂಗಳಿನ ಚಿತ್ರಗಳಲ್ಲಿ ಹನ್ನೆರಡನ್ನು ಮಾತ್ರ ಆರಿಸಿ, ಪ್ರತಿಯೊಂದಕ್ಕೂ ಎರಡು ವಾಕ್ಯಗಳ ವಿವರಣೆ ಕೊಡಿರಿ.

3. ಊರಿನಲ್ಲಿ ಹತ್ತು ವರ್ಷಗಳೊಳಗೆ ಮಾರ್ಪಟ್ಟ ಒಂದು ಸ್ಥಳದ ಹಳೆಯ ಚಿತ್ರವನ್ನು ಹುಡುಕಿ, ಅದೇ ಸ್ಥಳದ ಇಂದಿನ ಚಿತ್ರದೊಡನೆ ಒಂದೇ ಪುಟದಲ್ಲಿ ಜೋಡಿಸಿರಿ.